ಮೇಜಿನಡಿಯ ಕಣ್ಣು: ಟಿ.ವಿ. ಪೋಕರ್ ಮತ್ತು ಎಲ್ಲ ಬಲ್ಲ ನೋಡುಗ

ಇಸ್ಪೀಟು ಆಡುವವರಿಗೆ ರುಚಿಸಿದಷ್ಟು ನೋಡುವವರಿಗೆ ರುಚಿಸುವ ಆಟವಲ್ಲ. ಕ್ರಿಕೆಟ್ಟಿನಲ್ಲಿ ಚೆಂಡು ಎಲ್ಲರಿಗೂ ಕಾಣುತ್ತದೆ, ಕುಸ್ತಿಯಲ್ಲಿ ಹಾಕಿದ ಪಟ್ಟು ಅಖಾಡದ ಸುತ್ತ ಕೂತವರಿಗೆಲ್ಲ ಕಾಣುತ್ತದೆ. ಇಸ್ಪೀಟಿನಲ್ಲಿ ಮಾತ್ರ ನೋಡಬೇಕಾದದ್ದೆಲ್ಲ ಆಟಗಾರನ ಅಂಗೈಯೊಳಗೆ ಮುಚ್ಚಿಕೊಂಡಿರುತ್ತದೆ. ಅರಳೀಕಟ್ಟೆಯಲ್ಲಿ ಆಟ ನಡೆಯುವಾಗ ಸುಮ್ಮನೆ ನೋಡಲು ಬಂದವರು ಏನು ಮಾಡುತ್ತಾರೆ ಗಮನಿಸಿ: ಯಾರಾದರೂ ಒಬ್ಬನ ಬೆನ್ನ ಹಿಂದೆ ನಿಂತು ಅವನ ಎಲೆಗಳನ್ನು ಇಣುಕುತ್ತಾರೆ. ಅವನಿಗೆ ಗೊತ್ತಿರುವಷ್ಟೇ ಇವರಿಗೂ ಗೊತ್ತು. ಅವನು ಸೋತರೆ ಇವರೂ ಅರ್ಧ ಸೋತಂತೆ. ಎಲ್ಲರ ಬೆನ್ನ ಹಿಂದೆಯೂ ಏಕಕಾಲಕ್ಕೆ ನಿಲ್ಲುವುದು ಯಾರಿಗೂ ಸಾಧ್ಯವಿರಲಿಲ್ಲ.

ಟಿ.ವಿ.ಗೆ ಅದು ಸಾಧ್ಯವಾಯಿತು. ಪೋಕರ್ ಎಂಬ ಇಸ್ಪೀಟಾಟ 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಮನೆಮನೆಯ ಕ್ರೀಡೆಯಾದದ್ದು ಹೇಗೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಇಂಟರ್ನೆಟ್ಟನ್ನು, ಹಣದಾಸೆಯನ್ನು, ಅದೃಷ್ಟವಂತನೊಬ್ಬನ ಗೆಲುವನ್ನು ಕಾರಣವಾಗಿ ಹೇಳುತ್ತಾರೆ. ಅವೆಲ್ಲ ನಿಜವೇ. ಆದರೆ ಕಥೆ ಹೇಳುವ ಕ್ರಮದಲ್ಲಿ ಆದ ಬದಲಾವಣೆಯೊಂದು ಇವೆಲ್ಲಕ್ಕೂ ಅಡಿಪಾಯವಾಗಿತ್ತು ಎಂದು ನನಗನ್ನಿಸುತ್ತದೆ. ನನ್ನ ಪಿಎಚ್.ಡಿ. ಅಧ್ಯಯನ ಕಾದಂಬರಿಯ ನಿರೂಪಕರ ಕುರಿತಾದದ್ದು. ಯಾರಿಗೆ ಏನು ಗೊತ್ತು, ಓದುಗರಿಗೆ ಅದನ್ನು ಯಾವಾಗ ತಿಳಿಸಲಾಗುತ್ತದೆ ಎಂಬುದರ ಸುತ್ತಲೇ ಐದು ವರ್ಷದಿಂದ ಸುತ್ತುತ್ತಿದ್ದೇನೆ. ಪೋಕರ್ ಪ್ರಸಾರಗಳನ್ನು ನೋಡತೊಡಗಿದಾಗ ಅದೇ ಪ್ರಶ್ನೆ ಅಲ್ಲೂ ಎದುರಾಯಿತು.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಟಿ.ವಿ.ಯಲ್ಲಿ ಹೆಚ್ಚಾಗಿ ತೋರಿಸುವುದು 'ಟೆಕ್ಸಾಸ್ ಹೋಲ್ಡೆಮ್' ಎಂಬ ಬಗೆ. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಮೇಜಿನ ನಡುವಿನ ಐದು ಎಲೆಗಳು ಎಲ್ಲರಿಗೂ ಸೇರಿದ್ದು. ಮೊದಲು ಮೂರು, ಆಮೇಲೊಂದು, ಕೊನೆಗೊಂದು ಬಿಚ್ಚುತ್ತಾರೆ. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡಾಗ ಯಾರ ಕೈ ಮೇಲು ಎಂದು ಲೆಕ್ಕ. ಪ್ರತಿ ಹಂತದಲ್ಲೂ ಪಣ ಕಟ್ಟಬೇಕು. ಎದುರಾಳಿ ಕಟ್ಟಿದಷ್ಟನ್ನು ಕಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಅಲ್ಲಿಯವರೆಗೆ ಕಟ್ಟಿದ್ದನ್ನು ಬಿಟ್ಟುಕೊಡಬಹುದು. ಉಳಿದವರೆಲ್ಲ ಎಲೆ ಕೆಳಗಿಟ್ಟರೆ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕಾಗಿಲ್ಲ. ಅವನ ಕೈಯಲ್ಲಿ ಎಕ್ಕದ ಜೋಡಿಯಿತ್ತೋ, ಬರೀ ಬುರುಡೆಯಿತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಆಟದ ಗುಟ್ಟೆಲ್ಲ ಇರುವುದು ಹೀಗೆ ಗೊತ್ತಾಗದೇ ಉಳಿಯುವುದರಲ್ಲಿ.

ಈ ಗುಟ್ಟೇ ಬಹುಕಾಲ ಟಿ.ವಿ.ಗೆ ತೊಡಕಾಗಿತ್ತು. 'ವರ್ಲ್ಡ್ ಸೀರೀಸ್ ಆಫ್ ಪೋಕರ್' 1970ರಲ್ಲಿ ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಶುರುವಾಯಿತು. ಆ ಮೊದಲ ವರ್ಷ ಗೆದ್ದವರು ಯಾರೆಂದು ಆಟಗಾರರೇ ಮತ ಹಾಕಿ ತೀರ್ಮಾನಿಸಿದರು. ಜಾನಿ ಮಾಸ್ ಆಯ್ಕೆಯಾದ. 1973ರಲ್ಲಿ ಸಿಬಿಎಸ್ ವಾಹಿನಿ ಕ್ಯಾಮೆರಾ ತಂದಿತು. ಮುಂದೆ ಇಎಸ್‌ಪಿಎನ್ ಬಂತು. ಆದರೆ ಕ್ಯಾಮೆರಾಗೆ ಸಿಕ್ಕಿದ್ದು ಟೋಪಿ, ಸಿಗರೇಟಿನ ಹೊಗೆ, ಚಿಪ್‌ಗಳ ಗೋಪುರ ಮತ್ತು ಏನನ್ನೂ ಹೇಳದ ಮುಖಗಳು. ಆ ಮುಖಗಳನ್ನು ಬರೆದು ತೋರಿಸಲು ಸಾಹಿತಿಯೇ ಬೇಕಾಯಿತು. ಇಂಗ್ಲೆಂಡಿನ ಕವಿ, ವಿಮರ್ಶಕ ಆಲ್ ಆಲ್ವರೆಜ್ 1981ರ ಪಂದ್ಯಾವಳಿಗೆ ಹೋಗಿ ಬರೆದದ್ದು 1983ರಲ್ಲಿ 'ದಿ ಬಿಗ್ಗೆಸ್ಟ್ ಗೇಮ್ ಇನ್ ಟೌನ್' ಎಂಬ ಪುಸ್ತಕವಾಗಿ ಬಂತು. ಆಟಗಾರರ ಎಲೆಗಳನ್ನು ನೋಡುವ ದಾರಿ ಆಲ್ವರೆಜ್‌ಗೂ ಇರಲಿಲ್ಲ. ಆದ್ದರಿಂದ ಅವರು ಮನುಷ್ಯರನ್ನು ಬರೆದರು: ಅವರ ಮಾತಿನ ಧಾಟಿ, ನಿದ್ದೆಗೆಟ್ಟ ಕಣ್ಣು, ದುಡ್ಡಿಗೆ ದುಡ್ಡಿನ ಬೆಲೆಯೇ ಇಲ್ಲದಂತಾಗುವ ಆ ಊರಿನ ವಿಚಿತ್ರ. ಕಾಣದ ಎಲೆಗಳೇ ಆ ಪುಸ್ತಕಕ್ಕೆ ದೊಡ್ಡ ಉಪಕಾರ ಮಾಡಿವೆ.

ಮುಚ್ಚಿದ ಎಲೆಯನ್ನು ಕಾಣಿಸಿದವರಲ್ಲಿ ಒಬ್ಬರ ಕಥೆ ಹೇಳಲೇಬೇಕು. ಹೆನ್ರಿ ಒರೆನ್‌ಸ್ಟೀನ್ 1923ರಲ್ಲಿ ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ನಾಜಿಗಳು ಅವರ ತಂದೆತಾಯಿಯನ್ನು ಕೊಂದರು. ಸೆರೆಶಿಬಿರದಲ್ಲಿದ್ದಾಗ ಒಂದು ದಿನ, ಯಹೂದಿಗಳಲ್ಲಿ ವಿಜ್ಞಾನಿಗಳು, ಗಣಿತಜ್ಞರು ಇದ್ದರೆ ಹೆಸರು ಕೊಡಬೇಕೆಂದು ಕರೆ ಬಂತು. ಅಂಥ ಯಾವ ಓದೂ ಇಲ್ಲದ ಒರೆನ್‌ಸ್ಟೀನ್ ತಮ್ಮ ಹೆಸರನ್ನೂ ಒಡಹುಟ್ಟಿದವರ ಹೆಸರನ್ನೂ ಬರೆಸಿಬಿಟ್ಟರು. ಆ ಸುಳ್ಳು ಅವರ ಜೀವ ಉಳಿಸಿತು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದು ಆಟಿಕೆಗಳ ಉದ್ಯಮಿಯಾದರು. 'ಟ್ರಾನ್ಸ್‌ಫಾರ್ಮರ್ಸ್' ಗೊಂಬೆಗಳು ಅಮೆರಿಕದ ಮಾರುಕಟ್ಟೆಗೆ ಬರುವುದರ ಹಿಂದೆ ಅವರ ಕೈಯಿತ್ತು. ಇಳಿವಯಸ್ಸಿನಲ್ಲಿ ಪೋಕರ್ ಹುಚ್ಚು ಹತ್ತಿತು. ಟಿ.ವಿ.ಯಲ್ಲಿ ಪೋಕರ್ ನೋಡಿ ಬೇಸತ್ತ ಅವರು, ಮುಚ್ಚಿದ ಎಲೆಗಳನ್ನು ಮೇಜಿನಲ್ಲೇ ಅಡಗಿಸಿದ ಕ್ಯಾಮೆರಾದಿಂದ ನೋಡುಗರಿಗೆ ತೋರಿಸುವ ವಿಧಾನಕ್ಕೆ 1995ರಲ್ಲಿ ಪೇಟೆಂಟ್ ಪಡೆದರು. ಯಾರಿಗೂ ಕಾಣದಂತೆ ತನ್ನ ಎಲೆ ಮುಚ್ಚಿಟ್ಟು ಬದುಕಿದ ಮನುಷ್ಯ ಎಲ್ಲರ ಎಲೆ ಎಲ್ಲರಿಗೂ ಕಾಣುವ ಯಂತ್ರ ಕಂಡುಹಿಡಿದರು. ಇದಕ್ಕೆ ನಾನು ಅರ್ಥ ಕಟ್ಟಲು ಹೋಗುವುದಿಲ್ಲ. ಆದರೆ ಅವರಿಗೆ ಬುರುಡೆಯ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

1999ರಲ್ಲಿ ಬ್ರಿಟನ್ನಿನ ಚಾನೆಲ್ 4 'ಲೇಟ್ ನೈಟ್ ಪೋಕರ್' ಎಂಬ ಸರಣಿ ಶುರು ಮಾಡಿತು. ಕಾರ್ಡಿಫ್‌ನಲ್ಲಿ ಚಿತ್ರೀಕರಿಸಿದ ಆ ಸರಣಿಯ ಮೇಜಿನ ಅಂಚಿನಲ್ಲಿ ಗಾಜು, ಗಾಜಿನ ಕೆಳಗೆ ಕ್ಯಾಮೆರಾ. ಆಟಗಾರ ಎಲೆಯ ತುದಿ ಎತ್ತಿ ನೋಡಿದರೆ ಮೇಜಿನಡಿಯ ಕಣ್ಣೂ ನೋಡುತ್ತಿತ್ತು. 2003ರ ಮಾರ್ಚಿನಲ್ಲಿ ಅಮೆರಿಕದ ಟ್ರಾವೆಲ್ ಚಾನೆಲ್‌ನಲ್ಲಿ 'ವರ್ಲ್ಡ್ ಪೋಕರ್ ಟೂರ್' ಬಂತು. ಅದೇ ವರ್ಷ ಇಎಸ್‌ಪಿಎನ್ ಕೂಡ ವರ್ಲ್ಡ್ ಸೀರೀಸ್‌ನ ಮೇಜಿಗೆ ಪುಟ್ಟ ಕ್ಯಾಮೆರಾಗಳನ್ನು ಹೂಡಿತು.

ಆ ವರ್ಷದ ಕೊನೆಯ ಸುತ್ತಿನಲ್ಲಿ ಉಳಿದವರಿಬ್ಬರು. ಒಬ್ಬ ನುರಿತ ವೃತ್ತಿಪರ ಆಟಗಾರ ಸ್ಯಾಮಿ ಫರ್ಹಾ. ಇನ್ನೊಬ್ಬ ಟೆನೆಸಿಯ ಇಪ್ಪತ್ತೇಳು ವರ್ಷದ ಅಕೌಂಟೆಂಟ್. ಹತ್ತು ಸಾವಿರ ಡಾಲರ್ ಪ್ರವೇಶಶುಲ್ಕದ ಈ ಪಂದ್ಯಾವಳಿಗೆ ಆನ್‌ಲೈನ್ ಅರ್ಹತಾ ಪಂದ್ಯ ಗೆದ್ದು, ನೂರು ಡಾಲರೂ ಖರ್ಚಿಲ್ಲದೆ ಬಂದವನು. ಅವನ ಹೆಸರು ಕ್ರಿಸ್ ಮನಿಮೇಕರ್. ಕಾದಂಬರಿಯಲ್ಲಿ ಯಾರಾದರೂ ಪಾತ್ರಕ್ಕೆ ಈ ಹೆಸರಿಟ್ಟಿದ್ದರೆ ವಿಮರ್ಶಕರು ನಗುತ್ತಿದ್ದರು. ಇದು ಅವನ ನಿಜವಾದ ಮನೆತನದ ಹೆಸರು.

ಒಂದು ಕೈಯಲ್ಲಿ ಮನಿಮೇಕರ್‌ಗೆ ಬಂದದ್ದು ಇಸ್ಪೀಟ್ ರಾಜ ಮತ್ತು ಆಟೀನ್ ಏಳು. ಫರ್ಹಾಗೆ ಇಸ್ಪೀಟ್ ರಾಣಿ ಮತ್ತು ಆಟೀನ್ ಒಂಬತ್ತು. ನಡುವೆ ಬಿದ್ದ ಎಲೆಗಳಲ್ಲಿ ಒಂಬತ್ತು ಇತ್ತು, ಹಾಗಾಗಿ ಫರ್ಹಾ ಬಳಿ ಒಂಬತ್ತರ ಜೋಡಿ. ಮನಿಮೇಕರ್ ಇನ್ನೊಂದು ಇಸ್ಪೀಟ್ ಬಂದೀತು, ಇಲ್ಲವೇ ಸರಣಿ ಪೂರ್ತಿಯಾದೀತು ಎಂದು ಕಾಯುತ್ತಿದ್ದ. ಕೊನೆಯ ಎಲೆ ಆಟೀನ್ ಮೂರು. ಅವನಿಗೆ ಏನೂ ಸಿಗಲಿಲ್ಲ. ಎಲೆಯ ಲೆಕ್ಕದಲ್ಲಿ ಅವನು ಗೆಲ್ಲುವ ಸಾಧ್ಯತೆ ಸೊನ್ನೆ. ಅಂಥ ಹೊತ್ತಿನಲ್ಲಿ ಅವನು ತನ್ನ ಮುಂದಿದ್ದ ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟು, ಕಲ್ಲಿನಂತೆ ಕೂತ. ಫರ್ಹಾ ಯೋಚಿಸಿದ, ಮಾತಾಡಿಸಿ ನೋಡಿದ, ಕೊನೆಗೆ ಗೆಲ್ಲುವ ಎಲೆಗಳನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕೈಯಲ್ಲಿ ಆಟವೇ ಮುಗಿಯಿತು. ಮನಿಮೇಕರ್‌ಗೆ 25 ಲಕ್ಷ ಡಾಲರ್.

ಈ ಕೈಯನ್ನು ಹಳೆಯ ಟಿ.ವಿ. ತೋರಿಸಿದ್ದರೆ ನಾವು ನೋಡುತ್ತಿದ್ದದ್ದೇನು? ಒಬ್ಬ ಪಣ ಹೆಚ್ಚಿಸಿದ, ಇನ್ನೊಬ್ಬ ಬಿಟ್ಟುಕೊಟ್ಟ, ಅಷ್ಟೆ. ಹೊಸ ಟಿ.ವಿ.ಯಲ್ಲಿ ನಮಗೆ ಇಬ್ಬರ ಎಲೆಗಳೂ ಕಾಣುತ್ತಿವೆ. ಹಿಚ್‌ಕಾಕ್ ಹೇಳುತ್ತಿದ್ದ ಉದಾಹರಣೆ ಸಿನಿಮಾ ಓದಿದವರಿಗೆಲ್ಲ ಗೊತ್ತು: ಮೇಜಿನಡಿ ಬಾಂಬಿರುವುದು ಯಾರಿಗೂ ಗೊತ್ತಿಲ್ಲದೆ ಅದು ಸಿಡಿದರೆ ಪ್ರೇಕ್ಷಕರಿಗೆ ಕ್ಷಣದ ಬೆರಗು; ಇರುವುದು ಅವರಿಗೆ ಮೊದಲೇ ಗೊತ್ತಿದ್ದು ಪಾತ್ರಗಳಿಗೆ ಗೊತ್ತಿಲ್ಲದಿದ್ದರೆ ಸಿಡಿಯುವವರೆಗೂ ಉಸಿರು ಬಿಗಿಹಿಡಿಯುವ ಕಾತರ. ಪೋಕರ್ ಪ್ರಸಾರಕರು ಮೇಜಿನಡಿ ಇಟ್ಟದ್ದು ಕ್ಯಾಮೆರಾ, ಪರಿಣಾಮ ಮಾತ್ರ ಅದೇ. ಬೇಸರದ ಆಟ ರಾತ್ರೋರಾತ್ರಿ ನಾಟಕವಾಯಿತು. ವೀಕ್ಷಕ ವಿವರಣೆಗಾರರಿಗೆ ಸೂತ್ರಧಾರನ ಕೆಲಸ ಸಿಕ್ಕಿತು.

ಇಲ್ಲಿಯವರೆಗೆ ಇದು ಕಲೆಯ ಗೆಲುವು, ಅದನ್ನು ಒಪ್ಪಲು ನನಗೆ ಸಂಕೋಚವಿಲ್ಲ. ಮನಿಮೇಕರ್‌ನ ಆ ಕೈಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಮೈ ಬಿಸಿಯೇರುತ್ತದೆ. ಆದರೆ ಎಲ್ಲ ಬಲ್ಲ ನೋಡುಗನಾಗುವುದರಿಂದ ನಮಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಕನ್ನಡದ ಓದುಗರಿಗೆ ಇದನ್ನು ತಾಳೆ ನೋಡಲು ದೂರ ಹೋಗಬೇಕಾಗಿಲ್ಲ, ನಮ್ಮ ಮಹಾಭಾರತಗಳ ಸಭಾಪರ್ವವಿದೆ. ದ್ಯೂತದ ದಾಳಗಳು ಯಾರ ಮಾತು ಕೇಳುತ್ತವೆ ಎಂಬುದು ಕುಮಾರವ್ಯಾಸನ ಓದುಗನಿಗೆ, ಯಕ್ಷಗಾನದ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಧರ್ಮರಾಯನಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಏಳಲಾರ. ಅಲ್ಲಿ ನಮ್ಮ ಹೆಚ್ಚಿನ ತಿಳಿವು ನಮ್ಮನ್ನು ಅಸಹಾಯಕರನ್ನಾಗಿಸುತ್ತದೆ. ಎದ್ದುಬಿಡು ಮಾರಾಯ ಎಂದು ಕೂಗಬೇಕೆನ್ನಿಸುತ್ತದೆ. ಅವನ ಜಾಗದಲ್ಲಿ ನಾನಿದ್ದರೆ ಗೆಲ್ಲುತ್ತಿದ್ದೆ ಎಂದು ಯಾವ ಓದುಗನಿಗೂ ಅನ್ನಿಸುವುದಿಲ್ಲ. ಅಲ್ಲದೆ ಆ ಕಥನ ಆಟದ ಹಾಸಿನ ಹೊರಗೂ ನೋಡುತ್ತದೆ. ಆಡದೇ ಪಣವಾದವಳೊಬ್ಬಳು ಸಭೆಗೆ ಬಂದು, ತನ್ನನ್ನು ತಾನೇ ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಂದ ಬಂತು ಎಂದು ಕೇಳುತ್ತಾಳೆ. ಜೂಜಿನ ಬಗ್ಗೆ ಕೇಳಬಹುದಾದ ಅತ್ಯಂತ ಕಠಿಣ ಪ್ರಶ್ನೆ ಅಲ್ಲಿ ಆಡದವಳಿಂದ ಬರುತ್ತದೆ.

ಟಿ.ವಿ. ಪೋಕರ್‌ನಲ್ಲಿ ಹೆಚ್ಚಿನ ತಿಳಿವು ನೇರ ತದ್ವಿರುದ್ಧ ಕೆಲಸ ಮಾಡುತ್ತದೆ. ಅದು ನೋಡುಗನಿಗೆ ತಾನು ಜಾಣನೆಂಬ ಭಾವ ಕೊಡುತ್ತದೆ. ಫರ್ಹಾ ಎಲೆ ಕೆಳಗಿಟ್ಟಾಗ ಸೋಫಾದಲ್ಲಿ ಕೂತವನು ತಲೆ ಚಚ್ಚಿಕೊಳ್ಳುತ್ತಾನೆ: ಅಯ್ಯೋ, ಅವನ ಹತ್ತಿರ ಏನೂ ಇರಲಿಲ್ಲವಲ್ಲ! ಇದಕ್ಕೆ ಅಂಕಿಅಂಶಗಳ ಮುದ್ರೆಯೂ ಬಿತ್ತು. ಆಟಗಾರರ ಹೆಸರಿನ ಪಕ್ಕದಲ್ಲಿ ಗೆಲ್ಲುವ ಶೇಕಡಾವಾರು ಲೆಕ್ಕ ಬರತೊಡಗಿತು. ಒಬ್ಬನಿಗೆ 70, ಇನ್ನೊಬ್ಬನಿಗೆ 30. ವಿಜ್ಞಾನದಂತೆ ಕಾಣುವ ಈ ಸಂಖ್ಯೆ ಎಲ್ಲರ ಎಲೆಗಳನ್ನೂ ನೋಡಿ ಲೆಕ್ಕ ಹಾಕಿದ್ದು. ಮೇಜಿನಲ್ಲಿ ಕೂತ ಯಾರಿಗೂ ಆ ಸಂಖ್ಯೆ ಸಿಗುವುದಿಲ್ಲ, ಸಿಕ್ಕಿದರೆ ಅದು ಪೋಕರೇ ಅಲ್ಲ. ನೋಡುಗ ಕಲಿಯುತ್ತಿರುವುದು ಯಾರೂ ಎಂದೂ ಆಡದ ಒಂದು ಆಟವನ್ನು.

ಎರಡನೆಯದು ಸಂಕಲನ. 2003ರಲ್ಲಿ 839 ಜನ ಐದು ದಿನ ಆಡಿದ್ದು ಪರದೆಯ ಮೇಲೆ ಕೆಲವೇ ಗಂಟೆಗಳಾಯಿತು. ನಿಜವಾದ ಆಟದಲ್ಲಿ ಒಳ್ಳೆಯ ಆಟಗಾರ ಬಹುತೇಕ ಸಲ ಎಲೆ ನೋಡಿ ಕೆಳಗಿಡುತ್ತಾನೆ; ತಾಸುಗಟ್ಟಲೆ ಸುಮ್ಮನೆ ಕೂರುವುದೇ ಅವನ ಕಸುಬು. ಅದೆಲ್ಲ ಸಂಕಲನದ ಮೇಜಿನಲ್ಲಿ ಕಸದ ಬುಟ್ಟಿ ಸೇರಿತು. ಉಳಿದದ್ದು ಒಂದರ ಹಿಂದೊಂದು ರಾಜ, ಎಕ್ಕ, ಬುರುಡೆ, 'ಆಲ್ ಇನ್'. ನಾರ್ವೆಯ ಆನೆಟ್ ಒಬ್ರೆಸ್ಟಾಡ್ ಎಂಬ ಆಟಗಾರ್ತಿ 2007ರಲ್ಲಿ 180 ಜನರ ಆನ್‌ಲೈನ್ ಪಂದ್ಯವೊಂದನ್ನು, ಪರದೆಯ ಮೇಲೆ ತನ್ನ ಎಲೆಗಳು ಬೀಳುವ ಜಾಗ ಮುಚ್ಚಿಕೊಂಡು, ಒಂದೇ ಒಂದು ಸಲ ಎಲೆ ನೋಡಿ ಗೆದ್ದಳು. ಯಾರು ಮೊದಲು ಮಾತಾಡಬೇಕು, ಯಾರು ಎಷ್ಟು ಕಟ್ಟುತ್ತಾರೆ, ಯಾರು ಯಾವಾಗ ಹೆದರುತ್ತಾರೆ ಎಂಬುದಷ್ಟೇ ಅವಳಿಗೆ ಸಾಕಾಯಿತು. ಅವಳ ಆಟ ಟಿ.ವಿ.ಯ ವ್ಯಾಕರಣಕ್ಕೆ ಕೊಟ್ಟ ಒಳ್ಳೆಯ ಉತ್ತರ. ನಮಗೆ ತೋರಿಸುತ್ತಾ ಬಂದದ್ದು ಎಲೆಗಳನ್ನು. ಆಟ ಇದ್ದದ್ದು ಬೇರೆಡೆ.

ಮೂರನೆಯದು ಸೋತವರು. 2003ರಲ್ಲಿ 839 ಜನರಲ್ಲಿ ಬಹುಮಾನ ಬಂದದ್ದು 63 ಜನಕ್ಕೆ. ಮನಿಮೇಕರ್‌ನ ಕಥೆ ಟಿ.ವಿ.ಯಲ್ಲಿ ಮತ್ತೆ ಮತ್ತೆ ಓಡಿದ ಮೇಲೆ ಮರುವರ್ಷ ಬಂದವರು 2,576. 2005ರಲ್ಲಿ 5,619. 2006ರಲ್ಲಿ 8,773, ಆ ವರ್ಷ ಗೆದ್ದ ಜೇಮೀ ಗೋಲ್ಡ್‌ಗೆ 1.2 ಕೋಟಿ ಡಾಲರ್. ಈ ಹಣ ಆಕಾಶದಿಂದ ಉದುರಿದ್ದಲ್ಲ, ಬರಿಗೈಯಲ್ಲಿ ಮನೆಗೆ ಹೋದ ಹತ್ತರಲ್ಲಿ ಒಂಬತ್ತು ಜನರ ಪ್ರವೇಶಶುಲ್ಕ. ಕಥನದ ದೃಷ್ಟಿಯಿಂದ ಅವರು ಪಾತ್ರಗಳೇ ಅಲ್ಲ. ದಾಸ್ತಯೇವ್‌ಸ್ಕಿ 1866ರಲ್ಲಿ, ಪ್ರಕಾಶಕನ ಗಡುವಿಗೆ ಹೆದರಿ, ಶೀಘ್ರಲಿಪಿಕಾರ್ತಿಗೆ ಹೇಳಿ ಬರೆಸಿದ 'ಜೂಜುಕೋರ' ಕಾದಂಬರಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಥೆ ಹೇಳುವವನು ಚಟದೊಳಗೇ ಇದ್ದಾನೆ, ನಾಳೆ ಎಲ್ಲ ಸರಿಹೋದೀತೆಂದು ನಂಬಿದ್ದಾನೆ, ನಾವು ನಂಬುವುದಿಲ್ಲ. ನಿರೂಪಕನಿಗಿಂತ ಓದುಗನಿಗೆ ಹೆಚ್ಚು ಗೊತ್ತಿರುವುದು ಅಲ್ಲಿಯೂ ಇದೆ. ಆದರೆ ಗೊತ್ತಿರುವುದು ಎಲೆಯ ಗುಟ್ಟಲ್ಲ, ಮನುಷ್ಯನ ಗುಟ್ಟು.

ಈ ಪ್ರಸಾರಗಳಿಗೆ ಹಣ ಎಲ್ಲಿಂದ ಬರುತ್ತಿತ್ತು ಎನ್ನುವುದನ್ನು ನೋಡಿದರೆ ಕಥನಕ್ರಮದ ಪ್ರಶ್ನೆ ಬರೀ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಾರ್ಯಕ್ರಮಗಳ ನಡುವೆ ಬರುತ್ತಿದ್ದ ಜಾಹೀರಾತುಗಳು ಆನ್‌ಲೈನ್ ಪೋಕರ್ ತಾಣಗಳವು. ಹಣದ ಆಟದ ಜಾಹೀರಾತಿಗೆ ಕಾನೂನಿನ ಭಯವಿದ್ದುದರಿಂದ ಅದೇ ಹೆಸರಿನ, ಪುಕ್ಕಟೆ ಆಡಿ ಕಲಿಯುವ ತಾಣಗಳನ್ನು ತೋರಿಸುತ್ತಿದ್ದರು. ಮದ್ಯದ ಕಂಪನಿಗಳ ಸೋಡಾ ಜಾಹೀರಾತು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2006ರಲ್ಲಿ ಅಮೆರಿಕ ಇಂಥ ತಾಣಗಳಿಗೆ ಹಣ ಪಾವತಿಸುವುದನ್ನು ನಿರ್ಬಂಧಿಸುವ ಕಾನೂನು ತಂದಿತು. 2011ರ ಏಪ್ರಿಲ್ 15ರಂದು ಅಲ್ಲಿನ ನ್ಯಾಯಾಂಗ ಇಲಾಖೆ ಮುಖ್ಯ ತಾಣಗಳ ಮೇಲೆ ಮೊಕದ್ದಮೆ ಹೂಡಿ ಅವುಗಳ ವಿಳಾಸಗಳನ್ನೇ ವಶಪಡಿಸಿಕೊಂಡಿತು. ಆ ವರ್ಷವೇ 'ಪೋಕರ್ ಆಫ್ಟರ್ ಡಾರ್ಕ್', 'ಹೈ ಸ್ಟೇಕ್ಸ್ ಪೋಕರ್' ಎಂಬ ಹೆಸರಾಂತ ಕಾರ್ಯಕ್ರಮಗಳು ನಿಂತವು. ನೋಡುಗರ ಆಸಕ್ತಿ ಒಂದೇ ದಿನದಲ್ಲಿ ಬತ್ತಿರಲಾರದು. ಬತ್ತಿದ್ದು ಜಾಹೀರಾತು.

ಅಮೆರಿಕದ ಈ ಹಳೆಯ ಕಥೆ ನಮಗೇಕೆ ಎಂದು ಕೇಳಬಹುದು. ನಮ್ಮಲ್ಲಿ ಟಿ.ವಿ.ಯ ಜಾಗಕ್ಕೆ ಮೊಬೈಲ್ ಬಂತು. ಅದೇ ಹಳೆಯ ಪಂದ್ಯಗಳ ತುಣುಕುಗಳು ಮೊಬೈಲ್‌ನಲ್ಲಿವೆ, ಪಕ್ಕದಲ್ಲೇ ಆಡುವ ಆ್ಯಪ್‌ಗಳಿದ್ದವು. ನಮ್ಮ ಹಾಸ್ಟೆಲ್ಲಿನ ಗೆಳೆಯನೊಬ್ಬ ರಾತ್ರಿಯಿಡೀ ಆ ತುಣುಕುಗಳನ್ನು ನೋಡುತ್ತಿದ್ದ, ಬೆಳಗಿನ ಜಾವ ಆಡುತ್ತಿದ್ದ. ಫೆಲೋಶಿಪ್ ಬಂದ ವಾರದಲ್ಲಿ ಸಾಲ ಕೇಳುತ್ತಿದ್ದ. ಒಮ್ಮೆ ದೊಡ್ಡ ಮೊತ್ತ ಹೋದಾಗ ಅವನು ಹೇಳಿದ್ದು: "ಅವನ ಹತ್ರ ಏನಿದೆ ಅಂತ ಗೊತ್ತಿದ್ದಿದ್ರೆ ನಾನೇ ಗೆದ್ದಿರ್ತಿದ್ದೆ ಕಣೋ." ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಟಿ.ವಿ. ಅವನಿಗೆ ಕಲಿಸಿದ್ದೆಲ್ಲ ಆ ಒಂದು ವಾಕ್ಯದಲ್ಲಿತ್ತು.

ಈ ಕುರಿತು ನಮ್ಮಲ್ಲಿ ನಡೆದ ವಾದವಿವಾದ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯಿತು: ಇದು ಕೌಶಲದ ಆಟವೋ, ಅದೃಷ್ಟದ ಆಟವೋ? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಅತ್ತ ಊರಾಚೆಯ ತೋಪಿನಲ್ಲಿ ಅಂದರ್-ಬಾಹರ್ ಆಡಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇತ್ತು. ಅವರಿಗೆ ಕೌಶಲದ ವಾದ ಮಂಡಿಸುವ ವಕೀಲರಿರಲಿಲ್ಲ.

ಪೋಕರ್‌ನಲ್ಲಿ ಕೌಶಲವಿದೆ ಎಂಬುದು ನಿಜ ಎಂದೇ ನಾನು ನಂಬುತ್ತೇನೆ. ಸಾವಿರಾರು ಕೈಗಳ ಲೆಕ್ಕದಲ್ಲಿ ಬಲ್ಲವನು ಗೆಲ್ಲುತ್ತಾನೆ. ಆದರೆ ಈ ಮಾತನ್ನು ಅದರ ಕೊನೆಯವರೆಗೂ ಹೇಳಬೇಕು: ಬಲ್ಲವನು ಗೆಲ್ಲುವುದು ಖಚಿತವಾದರೆ ಬಲ್ಲದವನು ಸೋಲುವುದೂ ಅಷ್ಟೇ ಖಚಿತ. ಕುರುಡು ಅದೃಷ್ಟ ಹೊಸಬನಿಗೂ ಆಗೊಮ್ಮೆ ಈಗೊಮ್ಮೆ ಕರುಣೆ ತೋರಿಸೀತು, ಕೌಶಲ ತೋರಿಸುವುದಿಲ್ಲ. ವೃತ್ತಿಪರರು ಇಂಥ ಹೊಸಬರನ್ನು 'ಮೀನು' ಎಂದು ಕರೆಯುತ್ತಾರೆ. ಮೀನು ಬರುತ್ತಲೇ ಇರಬೇಕು, ಇಲ್ಲದಿದ್ದರೆ ಬಲ್ಲವರ ಹೊಟ್ಟೆ ತುಂಬುವುದಿಲ್ಲ. ಎಲ್ಲ ಬಲ್ಲೆನೆಂಬ ಭ್ರಮೆ ಹುಟ್ಟಿಸಿ ಹೊಸಬರನ್ನು ಮೇಜಿಗೆ ಕರೆತಂದದ್ದು ಆ ಕಥನ. ಕಾನೂನು ಜಾಹೀರಾತನ್ನು ನಿಷೇಧಿಸಬಹುದು. ಕಥನವನ್ನು ಓದಿ ಬಿಡಿಸುವ ಕೆಲಸ ವಿಮರ್ಶೆಯದು. ಆ ಕೆಲಸವನ್ನು ನಾವು ಕವಿತೆ, ಕಾದಂಬರಿಗಳಿಗಷ್ಟೇ ಮೀಸಲಿಟ್ಟುಕೊಂಡು ಕೂತಿದ್ದೇವೆ.

ಆಸಕ್ತರು ಒಂದು ಪ್ರಯೋಗ ಮಾಡಿ ನೋಡಬಹುದು. 2003ರ ಆ ಕೈಯ ತುಣುಕನ್ನು ಹುಡುಕಿ, ಪರದೆಯ ಮೇಲೆ ಎಲೆಗಳು ಕಾಣುವ ಮೂಲೆಗಳಿಗೆ ಕಾಗದ ಅಂಟಿಸಿ, ಧ್ವನಿ ಆರಿಸಿ ನೋಡಿ. ಫರ್ಹಾನ ಒಂಬತ್ತರ ಜೋಡಿಯನ್ನಷ್ಟೇ ನೆನಪಿಟ್ಟುಕೊಳ್ಳಿ, ಏಕೆಂದರೆ ಅವನಿಗೆ ಗೊತ್ತಿದ್ದದ್ದು ಅಷ್ಟೆ. ನಡುವೆ ಮೂರು ಇಸ್ಪೀಟ್ ಎಲೆ ಬಿದ್ದಿವೆ. ಎದುರಿಗೆ ಕೂತವನು ಇದ್ದದ್ದನ್ನೆಲ್ಲ ಪಣಕ್ಕಿಟ್ಟು, ಕಣ್ಣು ಮಿಟುಕಿಸದೆ ಕಾಯುತ್ತಿದ್ದಾನೆ. ಈಗ ಹೇಳಿ, ನೀವಾದರೆ ಎಲೆ ಕೆಳಗಿಡುತ್ತಿದ್ದಿರೋ, ಇಲ್ಲವೋ? ನಾನಂತೂ ಇಡುತ್ತಿದ್ದೆ.